ಕಡತಕ್ಕೊಂದು ಜಾಗ, ಜಾಗಕ್ಕೊಂದು ಒಪ್ಪಂದ



ಬೇರೆಯವರ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಹುಡುಕುವುದು ಎಷ್ಟು ಕಷ್ಟವೆಂದು ನಿಮಗೆಲ್ಲ ಗೊತ್ತು. ಲಿನಕ್ಸ್ ಎಂಬ ಗಣಕ ವ್ಯವಸ್ಥೆಗೂ ಆರಂಭದಲ್ಲಿ ಇದೇ ತೊಂದರೆ ಇತ್ತು.

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದದ್ದು ಕರ್ನೆಲ್ ಎಂಬ ತಿರುಳನ್ನು ಮಾತ್ರ. ಅದಕ್ಕೆ ಉಳಿದ ತಂತ್ರಾಂಶಗಳನ್ನು ಜೋಡಿಸಿ ಬಳಕೆಗೆ ಕೊಡುವ ಕಟ್ಟುಗಳೇ ಡಿಸ್ಟ್ರಿಬ್ಯೂಷನ್‌ಗಳು. ಸ್ಲ್ಯಾಕ್‌ವೇರ್ ಮತ್ತು ಡೆಬಿಯನ್ ಹುಟ್ಟಿದ್ದು 1993ರಲ್ಲಿ. ಒಬ್ಬೊಬ್ಬರು ಒಂದೊಂದು ಕಡೆ ಕಡತ ಇಟ್ಟರೆ, ಇಲ್ಲಿ ನಡೆಯುವ ತಂತ್ರಾಂಶ ಅಲ್ಲಿ ನಡೆಯದು. ಆದ್ದರಿಂದ ಸ್ವಯಂಸೇವಕರು ಸೇರಿ 1994ರ ಫೆಬ್ರುವರಿಯಲ್ಲಿ ಒಂದು ಮಾನಕ ಹೊರತಂದರು. ಸೆಟ್ಟಿಂಗ್‌ಗಳು 'ಇಟಿಸಿ'ಯಲ್ಲಿ, ದಿನವೂ ಬೆಳೆಯುವ ದಾಖಲೆಗಳು 'ವಾರ್'ನಲ್ಲಿ ಇರಬೇಕು ಎಂಬಂಥ ನಿಯಮಗಳು ಅದರಲ್ಲಿದ್ದವು.

ಇದರ ಹಿಂದೆ ಸರ್ಕಾರವಿಲ್ಲ, ದಂಡವಿಲ್ಲ. ಹಾಗಾದರೆ ನಿಯಮ ಹರಡಿದ್ದು ಹೇಗೆ? ಡೆಬಿಯನ್‌ಗೆ ಲಿಖಿತ ನೀತಿಯೊಂದಿದೆ. ಅದರ ಕಡ್ಡಾಯ ನಿಯಮ ಮುರಿದ ತಂತ್ರಾಂಶವನ್ನು ಬಿಡುಗಡೆಯಿಂದ ಹೊರಗಿಡಬಹುದು. ಹಾಗಾಗದಂತೆ ಡೆಬಿಯನ್‌ನವರು ದೋಷ ತಿದ್ದಿ, ತಿದ್ದುಪಡಿಯನ್ನು ಮೂಲ ಕರ್ತೃವಿಗೂ ಕಳಿಸುತ್ತಾರೆ. ಅವನು ಒಪ್ಪಿಕೊಂಡರೆ ಅದು ಎಲ್ಲ ಡಿಸ್ಟ್ರಿಬ್ಯೂಷನ್‌ಗಳಿಗೂ ತಲುಪುತ್ತದೆ.

ಕಾಗದದ ಮೇಲಿನ ಮಾನಕಕ್ಕೆ ಈ ಬಲ ಬರುವುದಿಲ್ಲ. 2001ರ 'ಲಿನಕ್ಸ್ ಸ್ಟ್ಯಾಂಡರ್ಡ್ ಬೇಸ್' ಎಲ್ಲವನ್ನೂ ಒಂದೇ ಅಚ್ಚಿಗೆ ತರಲು ಹೊರಟಿತು. ತಂತ್ರಾಂಶದ ಪೊಟ್ಟಣಕ್ಕೆ ರೆಡ್‌ಹ್ಯಾಟ್‌ನ ಆರ್‌ಪಿಎಂ ರೂಪವನ್ನೇ ಆರಿಸಿತು. ಡೆಬಿಯನ್‌ನ ರೂಪವೇ ಬೇರೆ. 2015ರಲ್ಲಿ ಡೆಬಿಯನ್ ಅದರ ಬಹುಪಾಲನ್ನು ಕೈಬಿಟ್ಟಿತು.

ಚಿಕ್ಕದೊಂದು ಗೆಲುವನ್ನೂ ನೋಡಿ. ಹಿಂದೆ 'ನೀನು ಯಾವ ಡಿಸ್ಟ್ರಿಬ್ಯೂಷನ್?' ಎಂದು ಯಂತ್ರವನ್ನು ಕೇಳಲು ರೆಡ್‌ಹ್ಯಾಟ್‌ನಲ್ಲಿ ಒಂದು ಕಡತ, ಸೂಸೆಯಲ್ಲಿ ಇನ್ನೊಂದು, ಡೆಬಿಯನ್‌ನಲ್ಲಿ ಮತ್ತೊಂದು. 2012ರಲ್ಲಿ ಸಿಸ್ಟಮ್‌ಡಿ ತಂಡ 'ಓಎಸ್-ರಿಲೀಸ್' ಎಂಬ ಒಂದೇ ಸರಳ ಕಡತವನ್ನು ಸೂಚಿಸಿತು. ಸಿಸ್ಟಮ್‌ಡಿ ಬಳಸದ ಆಲ್ಪೈನ್‌ನಲ್ಲೂ ಇಂದು ಅದಿದೆ. ಅಳವಡಿಸಲು ಖರ್ಚಿಲ್ಲ, ಲಾಭ ಎಲ್ಲರಿಗೂ.

ಆದರೆ ಎಲ್ಲ ಒಪ್ಪಂದವೂ ಇಷ್ಟು ಸಲೀಸಲ್ಲ. ಯಂತ್ರ ಚಾಲೂ ಆಗುವಾಗ ಸೇವೆಗಳನ್ನೆಲ್ಲ ಎಬ್ಬಿಸುವ ಹೊಣೆಯನ್ನು ಸಿಸ್ಟಮ್‌ಡಿಗೆ ಒಪ್ಪಿಸಬೇಕೇ ಎಂಬ ಪ್ರಶ್ನೆಯನ್ನು 2014ರಲ್ಲಿ ಡೆಬಿಯನ್ ತಾಂತ್ರಿಕ ಸಮಿತಿ ಮತಕ್ಕೆ ಹಾಕಿತು. ಎಂಟು ಸದಸ್ಯರು ಸಮವಾಗಿ ಒಡೆದರು. ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಒಪ್ಪದವರು ಅದೇ ವರ್ಷ 'ಡೆವುವಾನ್' ಎಂಬ ಬೇರೆ ಮನೆ ಹೂಡಿದರು.

ಬಳಸುವವರಲ್ಲಿ ಹೆಚ್ಚಿನವರಿಗೆ ಈ ಜಗಳದ ಸುದ್ದಿಯೇ ತಲುಪಲಿಲ್ಲ. ಆದರೂ ಅವರ ಯಂತ್ರ ಬೆಳಿಗ್ಗೆ ಹೇಗೆ ಏಳಬೇಕೆಂಬುದನ್ನು ಗೊತ್ತುಮಾಡಿದ್ದು ಅದೇ. ಒಪ್ಪದವನಿಗೆ ಮೂಲವನ್ನೇ ಎತ್ತಿಕೊಂಡು ಹೊರಡುವ ಹಕ್ಕನ್ನು ಮುಕ್ತ ತಂತ್ರಾಂಶ ಕೊಟ್ಟಿದೆ. ಆ ಹಕ್ಕು ಇರುವವರೆಗೆ ಇಲ್ಲಿನ ನಿಯಮಗಳನ್ನು ಒಪ್ಪಂದ ಎನ್ನಬಹುದು. ಅದಿಲ್ಲದಿದ್ದರೆ ಅವು ಬರೀ ಅಪ್ಪಣೆ.