ಗಂಡಿನ ಕಡೆಯ ಬಂಜೆತನ: ದಂಪತಿಯ ನಿರೀಕ್ಷೆ ಮತ್ತು ಚಿಕಿತ್ಸೆ

ಗರ್ಭನಿರೋಧಕವನ್ನು ಬಳಸದೆ ಒಂದು ವರ್ಷ ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ ವೈದ್ಯಶಾಸ್ತ್ರ ಅದನ್ನು ಬಂಜೆತನ ಎನ್ನುತ್ತದೆ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ಪರೀಕ್ಷೆ ಆರಂಭಿಸಬೇಕು. ಜಗತ್ತಿನಲ್ಲಿ ಸುಮಾರು ಆರು ಮಂದಿಯಲ್ಲಿ ಒಬ್ಬರು ಬದುಕಿನ ಯಾವುದಾದರೊಂದು ಘಟ್ಟದಲ್ಲಿ ಇದನ್ನು ಎದುರಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿ ಹೇಳುತ್ತದೆ. ಇಂಥ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಿನ ದೋಷ ಇದ್ದೇ ಇರುತ್ತದೆ, ಒಂಟಿಯಾಗಿ ಇಲ್ಲವೇ ಹೆಂಡತಿಯ ತೊಂದರೆಯ ಜೊತೆಗೂಡಿ.

ಆದರೆ ನಮ್ಮ ಮನೆಗಳಲ್ಲಿ ತನಿಖೆ ನಡೆಯುವ ಕ್ರಮವೇ ಬೇರೆ. ಘಾಟಿ ಸುಬ್ರಹ್ಮಣ್ಯದಲ್ಲಿ ನಾಗರ ಪ್ರತಿಷ್ಠೆ ಮಾಡಿಸಲು ಗಂಡಹೆಂಡಿರು ಒಟ್ಟಿಗೇ ಹೋಗುತ್ತಾರೆ. ಆಸ್ಪತ್ರೆಗೆ ಮಾತ್ರ ಹೆಂಡತಿ ಒಬ್ಬಳೇ, ಇಲ್ಲವೇ ಅತ್ತೆಯ ಜೊತೆ. ಸ್ಕ್ಯಾನಿಂಗ್, ರಕ್ತ ಪರೀಕ್ಷೆ, ಗರ್ಭನಾಳದ ಎಕ್ಸ್‌ರೇ ಎಲ್ಲವೂ ಮುಗಿದ ಮೇಲೆ, ಕೆಲವೊಮ್ಮೆ ವರ್ಷಗಳೇ ಕಳೆದ ಮೇಲೆ, ಗಂಡನ ಸರದಿ ಬರುತ್ತದೆ. ಅವನ ಪರೀಕ್ಷೆಗೆ ಸೂಜಿಯೂ ಬೇಡ, ಅರಿವಳಿಕೆಯೂ ಬೇಡ, ಖರ್ಚೂ ಕಡಿಮೆ. ಮೊದಲು ಆಗಬೇಕಾದದ್ದು ಕೊನೆಗೆ ಆಗುವುದರಿಂದ ಕಳೆದುಹೋಗುವ ವರ್ಷಗಳು ಹೆಂಡತಿಯ ವಯಸ್ಸಿಗೆ ಸೇರುತ್ತವೆ. ಈ ಅನ್ಯಾಯವನ್ನು ತಪ್ಪಿಸುವುದು ಕಷ್ಟವೇನಲ್ಲ: ಇಬ್ಬರ ಪರೀಕ್ಷೆಯೂ ಒಂದೇ ವಾರದಲ್ಲಿ ಆರಂಭವಾಗಬೇಕು.

ವೀರ್ಯ ಪರೀಕ್ಷೆಗೆ ಮೊದಲು ಎರಡರಿಂದ ಏಳು ದಿನ ಸಂಯಮ ಬೇಕು. 2021ರಲ್ಲಿ ಪರಿಷ್ಕೃತವಾದ ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಕೆಳಗಿನ ಮಿತಿಗಳನ್ನು ಗುರುತಿಸಿದೆ: ವೀರ್ಯದ ಪ್ರಮಾಣ 1.4 ಮಿಲಿಲೀಟರ್, ಪ್ರತಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಅವುಗಳಲ್ಲಿ ಚಲಿಸುವವು ಶೇ 42, ಸರಿಯಾದ ಆಕಾರದವು ಶೇ 4. ಒಂದು ವರ್ಷದೊಳಗೆ ತಂದೆಯಾಗುವ ಹಾದಿಗೆ ಬಂದ ಗಂಡಸರನ್ನು ಪರೀಕ್ಷಿಸಿ, ಅವರಲ್ಲಿ ತೀರ ಕೆಳಗಿನ ಶೇ 5 ಮಂದಿಯನ್ನು ಬೇರ್ಪಡಿಸುವ ಗೆರೆಯನ್ನು ಇಲ್ಲಿ ಎಳೆಯಲಾಗಿದೆ. ಹಾಗಾಗಿ ಈ ಗೆರೆಯ ಕೆಳಗಿದ್ದವರಿಗೂ ಸಹಜವಾಗಿ ಮಗುವಾಗಬಹುದು; ಮೇಲಿದ್ದವರಿಗೆ ಖಾತರಿಯೂ ಇಲ್ಲ. ‘ಸರಿಯಾದ ಆಕಾರ ಶೇ 4’ ಎಂಬ ವರದಿ ಕಂಡು ಕುಸಿದುಹೋಗುವ ಗಂಡಸರಿಗೆ ಅದು ಸಾಧಾರಣ ಫಲಿತಾಂಶವೆಂದು ಯಾರಾದರೂ ಕೂಡಲೇ ಹೇಳಬೇಕು. ಜ್ವರ ಬಂದುಹೋಗಿದ್ದರೂ ಲೆಕ್ಕ ಇಳಿಯುತ್ತದೆ. ವೀರ್ಯಾಣು ರೂಪುಗೊಂಡು ಹೊರಬರಲು ಸುಮಾರು ಮೂರು ತಿಂಗಳು ಬೇಕು. ಆದ್ದರಿಂದ ಒಂದೇ ವರದಿಯನ್ನು ನಂಬಿ ತೀರ್ಮಾನಕ್ಕೆ ಬರಬಾರದು.

ಕಾರಣಗಳಲ್ಲಿ ಹೆಚ್ಚಾಗಿ ಕಾಣುವುದು ವೆರಿಕೋಸೀಲ್, ಅಂದರೆ ವೃಷಣದ ಸುತ್ತಲಿನ ರಕ್ತನಾಳಗಳು ಉಬ್ಬಿಕೊಳ್ಳುವುದು. ಕೈಗೆ ಸಿಗುವಷ್ಟು ದೊಡ್ಡದಾಗಿದ್ದು ವೀರ್ಯಾಣುವಿನ ಸಂಖ್ಯೆಯೂ ಕುಗ್ಗಿದ್ದರೆ ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಾಗಬಹುದು. ಬಾಲ್ಯದಲ್ಲಿ ವೃಷಣ ಕೆಳಗಿಳಿಯದಿರುವುದು, ಹರೆಯದಲ್ಲಿ ಬಂದ ಮಂಗನಬಾವು ವೃಷಣಕ್ಕೆ ತಗಲುವುದು, ಕ್ಷಯ ಅಥವಾ ಬೇರೆ ಸೋಂಕು, ಕ್ಯಾನ್ಸರ್ ಚಿಕಿತ್ಸೆ, ತಂಬಾಕು ಇವೂ ಕಾರಣಗಳೇ. ಜಿಮ್‌ಗಳಲ್ಲಿ ಮೈಕಟ್ಟಿಗಾಗಿ ತೆಗೆದುಕೊಳ್ಳುವ ಟೆಸ್ಟೋಸ್ಟಿರಾನ್ ಇಂಜೆಕ್ಷನ್ನಿನ ಬಗ್ಗೆ ಎಚ್ಚರ ಅಗತ್ಯ. ಹೊರಗಿನಿಂದ ಈ ಹಾರ್ಮೋನು ಬಂದಾಗ ಮೆದುಳು ವೃಷಣಕ್ಕೆ ಕೊಡುವ ಸೂಚನೆಯನ್ನು ನಿಲ್ಲಿಸುತ್ತದೆ, ವೀರ್ಯಾಣು ಉತ್ಪಾದನೆ ನಿಂತೇಹೋಗಬಹುದು. ಬಿಟ್ಟ ಮೇಲೆ ಹೆಚ್ಚಿನವರಲ್ಲಿ ಮರಳಿ ಬರುತ್ತದೆ, ಆದರೆ ತಿಂಗಳುಗಟ್ಟಲೆ ಕಾಯಬೇಕು.

ಗಂಡಸರಲ್ಲಿ ಸುಮಾರು ನೂರಕ್ಕೆ ಒಬ್ಬರ ವೀರ್ಯದಲ್ಲಿ ವೀರ್ಯಾಣುವೇ ಇರುವುದಿಲ್ಲ. ಈ ವರದಿ ಕೈಗೆ ಬಂದ ದಿನ ದಂಪತಿಗೆ ಎಲ್ಲವೂ ಮುಗಿಯಿತೆನಿಸುತ್ತದೆ. ಆದರೆ ನಿಜವಾದ ತನಿಖೆ ಆರಂಭವಾಗುವುದೇ ಅಲ್ಲಿಂದ. ಉತ್ಪಾದನೆ ಸರಿಯಿದ್ದು ದಾರಿ ಮಾತ್ರ ಕಟ್ಟಿದ್ದರೆ ವೃಷಣದಿಂದ ಸೂಜಿಯ ಮೂಲಕ ವೀರ್ಯಾಣು ತೆಗೆಯಬಹುದು. ವೀರ್ಯನಾಳವೇ ಹುಟ್ಟಿನಿಂದ ಇಲ್ಲದಿದ್ದರೆ ಸಿಸ್ಟಿಕ್ ಫೈಬ್ರೋಸಿಸ್‌ಗೆ ಸಂಬಂಧಿಸಿದ ಜೀನ್ ದೋಷವಿರಬಹುದು. ಆಗ ಹೆಂಡತಿಯ ಜೀನ್ ಪರೀಕ್ಷೆಯೂ ಬೇಕು. ಮೆದುಳಿನ ಸೂಚನೆಯ ಕೊರತೆಯಿಂದ ಉತ್ಪಾದನೆ ನಿಂತಿದ್ದರೆ ಹಾರ್ಮೋನು ಇಂಜೆಕ್ಷನ್ನಿನಿಂದ ಮರಳಿಸಬಹುದು. ಅಪರೂಪವಾದರೂ ಔಷಧಿಗೆ ಚೆನ್ನಾಗಿ ಬಗ್ಗುವ ಕಾರಣವಿದು. ವೃಷಣವೇ ಸೋತಿದ್ದರೆ ಸ್ಥಿತಿ ಕಠಿಣ. ಒಂದು ಎಕ್ಸ್ ಕ್ರೋಮೋಸೋಮ್ ಹೆಚ್ಚಾಗಿರುವ ಕ್ಲೈನ್‌ಫೆಲ್ಟರ್ ಸ್ಥಿತಿ ಮತ್ತು ವೈ ಕ್ರೋಮೋಸೋಮಿನ ತುಣುಕು ಕಳಚಿರುವುದು ಇಲ್ಲಿ ಮುಖ್ಯ. ವೈ ಕ್ರೋಮೋಸೋಮಿನ ಎಝಡ್‌ಎಫ್‌-ಎ ಭಾಗ ಪೂರ್ತಿ ಇಲ್ಲದವರಲ್ಲಿ ವೀರ್ಯಾಣು ಹುಡುಕುವ ಶಸ್ತ್ರಚಿಕಿತ್ಸೆ ವ್ಯರ್ಥ. ಎಝಡ್‌ಎಫ್‌-ಸಿ ಭಾಗ ಇಲ್ಲದವರಲ್ಲಿ ಸಿಗುವ ಸಾಧ್ಯತೆ ಸಾಕಷ್ಟಿದೆ, ಆದರೆ ದೋಷ ಗಂಡುಮಗುವಿಗೂ ದಾಟುತ್ತದೆ. ಶಸ್ತ್ರಚಿಕಿತ್ಸೆಗೆ ಹಣ ಕಟ್ಟುವ ಮೊದಲೇ ಈ ಕ್ರೋಮೋಸೋಮ್ ದೋಷಗಳನ್ನು ಪತ್ತೆಹಚ್ಚುವ ರಕ್ತ ಪರೀಕ್ಷೆ ಆಗಿರಬೇಕು. ಸೂಕ್ಷ್ಮದರ್ಶಕದ ನೆರವಿನಿಂದ ವೃಷಣದೊಳಗೆ ಹುಡುಕುವ ಮೈಕ್ರೋ-ಟೆಸೆ ವಿಧಾನದಲ್ಲಿ, ಉತ್ಪಾದನೆಯೇ ಕುಂದಿದವರಲ್ಲೂ ಸುಮಾರು ಅರ್ಧದಷ್ಟು ಮಂದಿಗೆ ವೀರ್ಯಾಣು ಸಿಗುತ್ತದೆ.

ಅಲ್ಪಸ್ವಲ್ಪ ಕೊರತೆಯಿದ್ದಾಗ ವೀರ್ಯವನ್ನು ಶುದ್ಧೀಕರಿಸಿ ಗರ್ಭಕೋಶಕ್ಕೆ ಸೇರಿಸುವ ಐಯುಐ ಸಾಕಾಗಬಹುದು. ಕೊರತೆ ಹೆಚ್ಚಿದ್ದರೆ ಇಕ್ಸಿ: ಒಂದೊಂದು ಅಂಡಾಣುವಿಗೂ ಒಂದೊಂದೇ ವೀರ್ಯಾಣುವನ್ನು ಸೂಜಿಯಿಂದ ಸೇರಿಸುವ ವಿಧಾನ. ಬ್ರಸೆಲ್ಸ್‌ನಲ್ಲಿ ಜಿಯಾನ್‌ಪಿಯೆರೊ ಪಲೆರ್ಮೊ ಮತ್ತು ಸಂಗಡಿಗರು ಇದರಿಂದ ಗರ್ಭ ನಿಂತದ್ದನ್ನು 1992ರಲ್ಲಿ ಪ್ರಕಟಿಸಿದರು. ಅದಕ್ಕೆ ಮುಂಚೆ ತೀವ್ರ ಕೊರತೆಯ ಗಂಡಸರಿಗೆ ದಾನಿಯ ವೀರ್ಯವೋ ದತ್ತುವೋ ಬಿಟ್ಟರೆ ಬೇರೆ ದಾರಿ ಹೆಚ್ಚಿರಲಿಲ್ಲ.

ಇಲ್ಲಿ ಮನೆಯವರೆಲ್ಲ ತಿಳಿಯಬೇಕಾದದ್ದೊಂದಿದೆ. ಕೊರತೆ ಗಂಡನದಾದರೂ ಇಕ್ಸಿಯ ಭಾರ ಬೀಳುವುದು ಹೆಂಡತಿಯ ದೇಹದ ಮೇಲೆ. ಹತ್ತು ಹನ್ನೆರಡು ದಿನ ಹಾರ್ಮೋನು ಇಂಜೆಕ್ಷನ್, ಪದೇ ಪದೇ ಸ್ಕ್ಯಾನಿಂಗ್, ಅರಿವಳಿಕೆ ಕೊಟ್ಟು ಅಂಡಾಣು ತೆಗೆಯುವುದು, ಕೆಲವರಿಗೆ ಅಂಡಾಶಯ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬುವ ಅಪಾಯ, ಭ್ರೂಣ ಇಟ್ಟ ಮೇಲೆ ಎರಡು ವಾರದ ಆತಂಕ. ಫಲಿತಾಂಶವನ್ನು ಹೆಚ್ಚಾಗಿ ನಿರ್ಧರಿಸುವುದೂ ಅವಳ ವಯಸ್ಸೇ. 40ರ ಸುಮಾರಿಗೆ ಯಶಸ್ಸು ತೀವ್ರವಾಗಿ ಇಳಿಯುತ್ತದೆ. ಆದ್ದರಿಂದ ಆಸ್ಪತ್ರೆಯಲ್ಲಿ ಕೇಳಬೇಕಾದ ಪ್ರಶ್ನೆ ‘ಎಷ್ಟು ಮಂದಿಗೆ ಗರ್ಭ ನಿಂತಿದೆ’ ಎಂಬುದಲ್ಲ, ‘ಇವಳ ವಯಸ್ಸಿನವರಲ್ಲಿ ಎಷ್ಟು ಮಂದಿ ಮಗುವನ್ನು ಮನೆಗೆ ಕರೆದೊಯ್ದಿದ್ದಾರೆ’ ಎಂಬುದು. ಎಷ್ಟು ಸುತ್ತು, ಎಷ್ಟು ಖರ್ಚು ಎಂಬುದನ್ನು ದಂಪತಿ ಮೊದಲೇ ಮಾತಾಡಿಕೊಂಡಿದ್ದರೆ ಸೋಲಿನ ದಿನ ಒಬ್ಬರನ್ನೊಬ್ಬರು ದೂರುವ ಪ್ರಸಂಗ ಕಡಿಮೆಯಾಗುತ್ತದೆ.

ದಾನಿಯ ವೀರ್ಯ ಇನ್ನೊಂದು ದಾರಿ. ಕುಂತಿ ಮಾದ್ರಿಯರು ದೇವತೆಗಳಿಂದ ಪಡೆದ ಮಕ್ಕಳು ಪಾಂಡುವಿನ ಹೆಸರಿನಲ್ಲೇ ಪಾಂಡವರಾದ ಕಥೆ ಗೊತ್ತಿದ್ದೂ ಈ ಮಾತು ನಮ್ಮಲ್ಲಿ ಗುಟ್ಟಾಗಿಯೇ ಉಳಿದಿದೆ. 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆ ಇದಕ್ಕೆ ಸ್ಪಷ್ಟ ಚೌಕಟ್ಟು ಕೊಟ್ಟಿದೆ. ದಾನಿಗೆ 21ರಿಂದ 55 ವಯಸ್ಸಾಗಿರಬೇಕು, ನೋಂದಾಯಿತ ಬ್ಯಾಂಕಿನ ಮೂಲಕವೇ ಬರಬೇಕು, ಒಬ್ಬ ದಾನಿಯ ವೀರ್ಯವನ್ನು ಒಂದಕ್ಕಿಂತ ಹೆಚ್ಚು ದಂಪತಿಗೆ ಕೊಡುವಂತಿಲ್ಲ. ಇಬ್ಬರ ಲಿಖಿತ ಒಪ್ಪಿಗೆ ಕಡ್ಡಾಯ. ಹುಟ್ಟಿದ ಮಗು ಕಾನೂನಿನ ಕಣ್ಣಲ್ಲಿ ಆ ದಂಪತಿಯ ಸ್ವಂತ ಮಗು. ದಾನಿಗೆ ಯಾವ ಹಕ್ಕೂ ಇಲ್ಲ. ಗಂಡ ಮನಸಾರೆ ಒಪ್ಪುವವರೆಗೆ ಇದಕ್ಕೆ ಕೈಹಾಕದಿರುವುದೇ ಸರಿ.

ದತ್ತು ಬಯಸುವವರು ಕೇಂದ್ರ ದತ್ತು ಪ್ರಾಧಿಕಾರದ ಜಾಲತಾಣದಲ್ಲಿ ನೋಂದಾಯಿಸಬೇಕು. 2022ರ ನಿಯಮಗಳಂತೆ ಎರಡು ವರ್ಷದೊಳಗಿನ ಮಗುವಿಗಾಗಿ ನೋಂದಾಯಿಸುವ ದಂಪತಿಯ ವಯಸ್ಸುಗಳ ಮೊತ್ತ 85 ಮೀರಬಾರದು. ಎರಡರಿಂದ ನಾಲ್ಕು ವರ್ಷದ ಮಗುವಾದರೆ 90. ಗಂಡನಿಗೆ 45, ಹೆಂಡತಿಗೆ 41 ಆದಾಗಲೇ ಎಳೆಯ ಮಗುವಿನ ಅವಕಾಶ ತಪ್ಪಿಹೋಗುತ್ತದೆ. ದತ್ತಿನ ಬಗ್ಗೆ ಒಲವಿರುವ ದಂಪತಿ ಚಿಕಿತ್ಸೆಯ ಮೊದಲ ವರ್ಷದಲ್ಲೇ ಈ ಲೆಕ್ಕ ಹಾಕಿಕೊಳ್ಳಬೇಕು.