ಬದುವಿನ ಮೇಲಿನ ಹರಳುಗಿಡ

ಹರಳೆಣ್ಣೆ ಕುಡಿದ ಮುಖ ಹೇಗಿರುತ್ತದೆಂಬುದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಉತ್ತರದ ಜಿಲ್ಲೆಗಳವರು ಇದೇ ಗಿಡವನ್ನು ಔಡಲವೆನ್ನುತ್ತಾರೆ. ಮರಗಳಿಲ್ಲದ ನಾಡಿನಲ್ಲಿ ಇದೂ ಒಂದು ಮರವೆಂದು ಸಂಸ್ಕೃತ ಪಂಡಿತರು ಗೇಲಿಮಾಡಿದರು. ಸಾಹಿತ್ಯದ ಪಾಠ ಹೇಳಿಕೊಂಡು ಬಾಳಿದ ನನಗೆ ಇದರ ರಸಾಯನದ ಗೊಡವೆ ಏಕೆಂದು ನೀವು ಕೇಳಬಹುದು. ಈ ಗಿಡದ ಕಥೆಯಲ್ಲಿ ಒಂದು ಅನ್ಯಾಯವಿದೆ. ಈ ಮಾತು ಅದಕ್ಕಾಗಿ.

ನಮ್ಮ ಹಿರಿಯ ಹೆಂಗಸರು ಹರಳನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ತೆಗೆಯುತ್ತಿದ್ದರು. ದೀಪಕ್ಕೆ ಅದು, ಎಳೆಗೂಸಿನ ನೆತ್ತಿಗೆ ಅದು, ಗಾಡಿಯ ಅಚ್ಚಿಗೂ ಅದೇ. ಕೀಲೆಣ್ಣೆಯೆಂಬ ಚೆಲುವಾದ ಮಾತು ಎತ್ತಿನ ಗಾಡಿಗಳೊಡನೆ ಮರೆಯಾಗುತ್ತಿದೆ. ಆದರೆ ಮೊದಲ ಮಹಾಯುದ್ಧದ ಎಷ್ಟೋ ವಿಮಾನಗಳ ಎಂಜಿನ್ನುಗಳು ತಿರುಗಿದ್ದು ಹರಳೆಣ್ಣೆಯ ಜಿಡ್ಡನ್ನು ನೆಚ್ಚಿಯೇ. 1909ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ಯಾಸ್ಟ್ರಾಲ್ ಎಂಬ ಹೆಸರಿನಲ್ಲಿ ಅಡಗಿರುವುದೂ ಈ ಹರಳೇ.

ಈ ಎಣ್ಣೆಯಲ್ಲಿ ನೂರಕ್ಕೆ 85ರಿಂದ 90 ಪಾಲು ರಿಸಿನೋಲಿಕ್ ಆಮ್ಲವಿದೆ. ಅದು 18 ಇಂಗಾಲಗಳ ಸರಪಣಿ. 12ನೆಯ ಕೊಂಡಿಗೆ ಆಮ್ಲಜನಕ–ಜಲಜನಕಗಳ ಒಂದು ಜೋಡಿ ತಗುಲಿಕೊಂಡಿರುತ್ತದೆ. ಕಡಲೆಕಾಯಿ, ಎಳ್ಳುಗಳ ಎಣ್ಣೆಯಲ್ಲಿ ಈ ಜೋಡಿಯಿಲ್ಲ. ಹರಳೆಣ್ಣೆ ಅಷ್ಟು ಮಂದವಾಗಿರುವುದು ಇದರಿಂದ; ಸರಪಣಿಯನ್ನು ನಡುವೆ, ಬೇಕಾದಲ್ಲಿ ಮುರಿಯಲಾಗುವುದೂ ಇದರಿಂದಲೇ. ಕ್ಷಾರದೊಡನೆ ಬಲವಾಗಿ ಕಾಸಿದರೆ 10 ಇಂಗಾಲಗಳ ಸೆಬಾಸಿಕ್ ಆಮ್ಲ ದೊರೆಯುತ್ತದೆ. ಬೇರೊಂದು ಬಗೆಯಲ್ಲಿ ಒಡೆದರೆ 11 ಇಂಗಾಲಗಳ ತುಂಡು. ಈ ತುಂಡಿನಿಂದ ಫ್ರೆಂಚ್ ವಿಜ್ಞಾನಿಗಳು 1940ರ ದಶಕದಲ್ಲಿ ನೈಲಾನ್–11 ಮಾಡಿದರು. ರಿಲ್ಸಾನ್ ಎಂಬ ಹೆಸರಿನಲ್ಲಿ ಅದು ಇಂದಿಗೂ ಲಾರಿಗಳ ಬ್ರೇಕಿನ ಕೊಳವೆಯಾಗಿ, ವಾಹನಗಳ ಇಂಧನದ ಕೊಳವೆಯಾಗಿ ಬಾಳುತ್ತಿದೆ. ಕಲ್ಲೆಣ್ಣೆಯ ತೊಟ್ಟೂ ಸೋಂಕದ ಮೂಲವಸ್ತು!

ಆ ಜೋಡಿಯನ್ನು ಕೂಡಿಸುವ ಜೀನನ್ನು ಅಮೆರಿಕದ ವಿಜ್ಞಾನಿಗಳು 1995ರಲ್ಲಿ ಪ್ರತ್ಯೇಕಿಸಿ ಬೇರೊಂದು ಸಸ್ಯಕ್ಕೆ ಸೇರಿಸಿ ನೋಡಿದರು. ಆ ಆಮ್ಲ ಹುಟ್ಟಿತು, ಆದರೆ ಹರಳಿನ ಸಮೃದ್ಧಿ ಬರಲಿಲ್ಲ. ಗಿಡ ತನ್ನ ಗುಟ್ಟನ್ನು ಪೂರ್ತಿ ಬಿಟ್ಟುಕೊಡಲಿಲ್ಲವೆಂಬುದರಲ್ಲಿ ನನಗೆ ಕೊಂಚ ಸಂತೋಷವೇ ಇದೆ.

ಲೋಕದ ಹರಳಿನ ಬಹುಪಾಲನ್ನು ಬೆಳೆಯುವುದು ನಮ್ಮ ದೇಶ, ಅದರಲ್ಲಿಯೂ ಗುಜರಾತು. ಜಗತ್ತಿನಲ್ಲಿಯೇ ಮೊದಲನೆಯದೆನ್ನುವ ಹೈಬ್ರಿಡ್ ಹರಳು ಜಿಸಿಎಚ್–3 ಅಲ್ಲಿಂದ 1968ರಲ್ಲಿ ಹೊರಬಂತು. ನಮ್ಮ ಕರ್ನಾಟಕದಲ್ಲಿ ಮಾತ್ರ ಹರಳು ಇನ್ನೂ ಹೆಚ್ಚಾಗಿ ರಾಗಿ, ಕಡಲೆಕಾಯಿ ಹೊಲಗಳ ಬದುವಿನ ಮೇಲೆ, ಸಾಲುಗಳ ನಡುವೆ ನಿಂತಿದೆ. ದೇಶದಲ್ಲಿ ಅಲ್ಲಲ್ಲಿ ಒಳ್ಳೆಯ ಕಾರ್ಖಾನೆಗಳಿವೆ, ನಿಜ. ಆದರೂ ಬಹಳಷ್ಟು ಹೊರಗೆ ಹೋಗುವುದು ಬರಿಯ ಎಣ್ಣೆಯಾಗಿ. ಅದರ ದೊಡ್ಡ ಗಿರಾಕಿ ಚೀನಾ. ಸೆಬಾಸಿಕ್ ಆಮ್ಲವನ್ನು ಲೋಕಕ್ಕೆ ಹಂಚುವುದರಲ್ಲಿಯೂ ಅದೇ ಮುಂದು. ಸರಪಣಿಯನ್ನು ಹೆಣೆಯುವುದು ನಮ್ಮ ಹೊಲ. ಬೆಲೆ ಏರುವುದು ಅದನ್ನು ಮುರಿಯುವವನ ಕೈಯಲ್ಲಿ.

ಅದೇ ಗುಜರಾತಿನ ಆಣಂದದಲ್ಲಿ 1946ರಲ್ಲಿ ಹಾಲು ಮಾರುವ ರೈತರು ಸಂಘ ಕಟ್ಟಿ, ಬೆಣ್ಣೆ ಮಾಡುವ ಕಾರ್ಖಾನೆಗೂ ತಾವೇ ಒಡೆಯರಾದರು. ಹರಳಿಗೆ ಅಂಥ ದಾರಿ ಸುಲಭವಲ್ಲ. ಹಾಲು ದಿನದಿನವೂ ಕರೆಯುವಂಥದು. ಹರಳು ವರ್ಷಕ್ಕೊಂದು ಫಸಲು. ಇದನ್ನು ಒಡೆಯುವ ಕುಲುಮೆಗೆ ಬೇಕಾದ ಬಂಡವಾಳವೂ ದೊಡ್ಡದು. ಆದರೂ ಅಂಥ ಕಾರ್ಖಾನೆಯ ಪಾಲುಪಟ್ಟಿಯಲ್ಲಿ ಹರಳು ಬಿತ್ತಿದವನ ಹೆಸರು ಇರಬೇಕೆಂದು ಕೇಳುವುದು ಅತಿಯಾಸೆಯೆಂದು ನನಗೆ ತೋರುವುದಿಲ್ಲ.