ಎಣಿಸಿ ನೋಡೋಣ, ಕೇಳಿ ತಿಳಿಯೋಣ
(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಉಪನ್ಯಾಸ)



ನಮ್ಮ ಸಂಘದಲ್ಲಿ ಸಾಲ ಕೊಡುವ ಮೊದಲು ನಾವು ಏನು ಮಾಡ್ತೀವಿ? ಮನೆಗೆ ಹೋಗಿ ವಿಚಾರಿಸುತ್ತೇವೆ, ಪುಸ್ತಕದಲ್ಲಿ ಬರೆಯುತ್ತೇವೆ, ಆಮೇಲೆ ಎಲ್ಲರೂ ಕೂತು ತೀರ್ಮಾನ ಮಾಡುತ್ತೇವೆ. ಪಕ್ಷಿಧಾಮದ ಸಂಶೋಧನೆ ಮತ್ತು ಶಿಕ್ಷಣ ಕೇಂದ್ರವನ್ನು ನಡೆಸುವುದೂ ಹೀಗೆಯೇ. ನೀರು ಎಷ್ಟು ಬಂತು, ಯಾವ ಹಕ್ಕಿ ಎಷ್ಟು ಬಂದವು, ಎಷ್ಟು ಗೂಡು ಕಟ್ಟಿದವು ಎಂದು ವರ್ಷ ವರ್ಷವೂ ಎಣಿಸಿ ಬರೆದಿಡಬೇಕು. ತಿಳಿದದ್ದನ್ನು ಶಾಲೆಯ ಮಕ್ಕಳಿಗೆ, ಊರಿನವರಿಗೆ ಹೇಳಬೇಕು. ಊರಿನವರು ಹೇಳುವುದನ್ನೂ ಕೇಳಬೇಕು. ಕೇಳದಿದ್ದರೆ ಏನಾಗುತ್ತದೆ? ರಾಜಸ್ಥಾನದ ಭರತಪುರದಲ್ಲಿ ನಡೆದದ್ದನ್ನು ಹೇಳ್ತೀವಿ.

ಅಲ್ಲಿಯ ಕೇವಲಾದೇವ ರಾಷ್ಟ್ರೀಯ ಉದ್ಯಾನ ಸುಮಾರು 29 ಚದರ ಕಿಲೋಮೀಟರ್ ಜಾಗ. ತಗ್ಗಿನಲ್ಲಿ ಒಡ್ಡು ಕಟ್ಟಿ ನೀರು ನಿಲ್ಲಿಸಿದ್ದಾರೆ. ಹಿಂದೆ ಅರಸರು ಅಲ್ಲಿ ಬಾತುಗಳ ಬೇಟೆ ಆಡುತ್ತಿದ್ದರು. ಚಳಿಗಾಲಕ್ಕೆ ದೂರದ ದೇಶಗಳಿಂದ ಸಾವಿರಾರು ಹಕ್ಕಿಗಳು ಬರುತ್ತವೆ. ಸುತ್ತಲ ಹಳ್ಳಿಯವರು ತಲೆತಲಾಂತರದಿಂದ ಎಮ್ಮೆ, ದನ ಮೇಯಿಸುತ್ತಿದ್ದದ್ದೂ ಅಲ್ಲೇ. ಇದರಿಂದ ಹಕ್ಕಿಗಳಿಗೆ ತೊಂದರೆ ಎಂದು ತಜ್ಞರು ನಂಬಿದ್ದರು. 1982ರಲ್ಲಿ ಮೇಯಿಸುವುದನ್ನು ನಿಷೇಧಿಸಲಾಯಿತು. ಜನ ಪ್ರತಿಭಟಿಸಿದರು. ಪೊಲೀಸರ ಗೋಲಿಬಾರಿನಲ್ಲಿ ಹಲವರು ಪ್ರಾಣ ಕಳೆದುಕೊಂಡರು.

ಆ ಹೊತ್ತಿಗೆ ಮುಂಬೈನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಅಲ್ಲಿ ಅಧ್ಯಯನ ಆರಂಭಿಸಿದ್ದರು. 1980ರಿಂದ 1990ರವರೆಗೆ ನೀರು, ಹುಲ್ಲು, ಮೀನು, ಹಕ್ಕಿ ಎಲ್ಲವನ್ನೂ ಗಮನಿಸಿ ಲೆಕ್ಕ ಇಟ್ಟರು. ಲೆಕ್ಕ ಏನು ಹೇಳಿತು ಗೊತ್ತಾ? ಎಮ್ಮೆಗಳು ಹೋದ ಮೇಲೆ ಒಂದು ಬಗೆಯ ನೀರುಹುಲ್ಲು ಮಿತಿಮೀರಿ ಬೆಳೆಯಿತು. ಬಾತುಗಳಿಗೆ ಈಜಲು, ಮೇಯಲು ಬೇಕಾದ ತೆರೆದ ನೀರು ಮುಚ್ಚಿಹೋಯಿತು. ಹಕ್ಕಿಗಳು ಕಡಿಮೆಯಾದವು. ಅಂದರೆ ಎಮ್ಮೆಗಳು ಹುಲ್ಲು ತಿಂದು ಕೆರೆಯನ್ನು ಹಸನಾಗಿ ಇಟ್ಟಿದ್ದವು! ಮೊದಲು ನಿಷೇಧ ಬೇಕೆಂದವರಲ್ಲಿ ಅದೇ ಸಂಸ್ಥೆಯ ತಜ್ಞರೂ ಇದ್ದರು. ಆದರೂ ಕಂಡ ಸತ್ಯವನ್ನು ಮುಚ್ಚಿಡದೆ ವರದಿಯಲ್ಲಿ ಬರೆದರು. ಅದು ದೊಡ್ಡ ಮಾತು. ಆದರೆ ಹೋದ ಜೀವ ವರದಿಯಿಂದ ವಾಪಸು ಬರುವುದಿಲ್ಲ.

ಮುಂದೆ ಭರತಪುರದಲ್ಲಿ ಜನರನ್ನು ಸೇರಿಸಿಕೊಳ್ಳುವ ಕೆಲಸಗಳೂ ನಡೆದವು. ಸೈಕಲ್ ರಿಕ್ಷಾ ತುಳಿಯುವವರು ತರಬೇತಿ ಪಡೆದು, ಬಂದವರಿಗೆ ಹಕ್ಕಿ ತೋರಿಸಿ ಹೆಸರು ಹೇಳಿ ಸಂಪಾದನೆ ಮಾಡಿಕೊಂಡರು. ನಾವು ಬಳ್ಳಾರಿ ಜಾಲಿ ಅನ್ನುತ್ತೇವಲ್ಲ, ಆ ಗಿಡ ಹಬ್ಬಿದಾಗ ಬೇರುಸಹಿತ ಕೀಳಲು ಹಳ್ಳಿಯವರನ್ನೇ ಕರೆದರು; ಕಿತ್ತ ಸೌದೆ ಅವರಿಗೇ ಸಿಕ್ಕಿತು.

ನಮ್ಮ ರಾಜ್ಯದಲ್ಲೇ ನೋಡಿ, ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರದಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರಿನವರು ಹೇಳ್ತಾರೆ. ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಸಾಕಿದವರು ಅಲ್ಲಿಯ ಯುವಕರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಅಲ್ಲಿ ಊರನ್ನು ಹೊರಗಿಟ್ಟು ಹಕ್ಕಿ ಉಳಿಸಲಿಲ್ಲ.

ಸಹೋದರಿಯರೇ, ಕೆರೆಗೆ ಬೇಲಿ ಬಿದ್ದರೆ ಮೊದಲು ಕಷ್ಟ ಯಾರಿಗೆ? ಹುಲ್ಲು, ಸೌದೆ ತರುವ ನಮಗೇ. ಹಾಗಾಗಿ ನಮ್ಮ ಊರಿನ ಕೆರೆಯ ಲೆಕ್ಕ ನಮ್ಮ ಹತ್ತಿರವೂ ಇರಲಿ. ತಿಂಗಳಿಗೊಂದು ದಿನ ಇಬ್ಬರು ಹೋಗಿ ನೀರಿನ ಮಟ್ಟ, ಕಂಡ ಹಕ್ಕಿ, ಹಬ್ಬಿದ ಜೊಂಡು ನೋಡಿ ಬರಲಿ. ಸಭೆಯ ದಿನ ಪುಸ್ತಕದಲ್ಲಿ ಬರೆಯೋಣ. ಎಮ್ಮೆ ಕಾಯುವ ಅಜ್ಜಿಯನ್ನು ಕೂರಿಸಿಕೊಂಡು ಹಿಂದೆ ಹೇಗಿತ್ತು ಎಂದು ಕೇಳೋಣ. ಮಕ್ಕಳನ್ನೂ ಕರೆದುಕೊಂಡು ಹೋಗೋಣ. ನಾಳೆ ಅಧಿಕಾರಿಗಳೋ ಸಂಶೋಧಕರೋ ಬಂದರೆ ಆ ಪುಸ್ತಕ ಮುಂದಿಟ್ಟು, “ಮೊದಲು ಇದನ್ನು ನೋಡಿ, ಆಮೇಲೆ ತೀರ್ಮಾನ ಮಾಡಿ” ಎಂದು ಧೈರ್ಯವಾಗಿ ಹೇಳಬಹುದು.

ಈ ತಿಂಗಳಿಂದಲೇ ಶುರು ಮಾಡೋಣ ಅಲ್ವಾ?